ತಪ್ಪು ಕಂಡಲ್ಲಿ ಒಂದು ಪೆನ್ಸಿಲ್ ಗೆರೆ

ಎರಡು ತಿಂಗಳ ಹಿಂದೆ ಈ ಅಂಕಣದಲ್ಲಿ ಅಮೆರಿಕದ ಲೇಖಕ ಜೀನ್ ವುಲ್ಫ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಅಂದಿನಿಂದ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಪುಸ್ತಕಗಳ ಬಗ್ಗೆಯೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆಲ್ಲ ರಜೆ.

ಹೊಸಬರಿಗೆ ಎರಡು ಮಾತು ಹೇಳಿಬಿಡುತ್ತೇನೆ. ‘ದಿ ಬುಕ್ ಆಫ್ ದಿ ನ್ಯೂ ಸನ್’ ಅನ್ನುವುದು ಒಂದೇ ಕಾದಂಬರಿ, ಆದರೆ ನಾಲ್ಕು ಸಂಪುಟ. 1980ರಿಂದ 1983ರ ನಡುವೆ ಬಂತು. ಕಥೆ ನಡೆಯುವುದು ನಮ್ಮ ಊಹೆಗೂ ಸಿಗದಷ್ಟು ಮುಂದಿನ ಕಾಲದಲ್ಲಿ. ಸೂರ್ಯ ಮಂಕಾಗಿ ಕೆಂಪಗಾಗಿದ್ದಾನೆ. ಸೆವೇರಿಯನ್ ಎಂಬ ಹುಡುಗ ಚಿತ್ರಹಿಂಸೆ ಕೊಡುವವರ ಸಂಘದಲ್ಲಿ ಬೆಳೆಯುತ್ತಾನೆ. ಥೆಕ್ಲಾ ಎಂಬ ಕೈದಿಗೆ ಕರುಣೆ ತೋರಿಸಿದ ತಪ್ಪಿಗೆ ಊರು ಬಿಡಬೇಕಾಗುತ್ತದೆ. ಈ ಕಥೆಯನ್ನೆಲ್ಲ ನಮಗೆ ಹೇಳುವವನೂ ಅವನೇ.

ಇನ್ನು ನಾನು. 29 ವರ್ಷ ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸೇರಿದೆ, ಕಂಪ್ಯೂಟರ್ ಬಂದ ಮೇಲೆ ಹೊರಬಂದೆ. ಸಾಹಿತ್ಯದ ಪಂಡಿತೆ ಅಲ್ಲ. ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ, ಅಷ್ಟೇ. ಈ ಲೇಖಕರ ಮುಂದೆ ಆ ಚಾಳಿಯೇ ನನಗೆ ಮುಳುವಾಯಿತು. ಅದನ್ನು ಎರಡನೇ ಉತ್ತರದಲ್ಲಿ ಹೇಳುತ್ತೇನೆ.

ಮೇಡಂ, ನಾನು ಬ್ಯಾಂಕಿನಲ್ಲಿ ಲೆಡ್ಜರ್ ನೋಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು. ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಕೂತು ಹುಡುಕುತ್ತಿದ್ದೆ. ನಾಲ್ಕೂ ಸಂಪುಟ ಓದಿ ಮುಗಿಸಿದೆ. ಮೊನ್ನೆ ಅಳಿಯ ಬಂದವನು, ‘ಆ ಡೋರ್ಕಾಸ್ ಸೆವೇರಿಯನ್‌ಗೆ ಅಜ್ಜಿ ಆಗಬೇಕು ಮಾವ, ಗೊತ್ತಾಗ್ಲಿಲ್ವಾ?’ ಅಂದ. ಅವಳು ಎಳೇ ಹುಡುಗಿ. ಸೆವೇರಿಯನ್‌ನ ಜೊತೆ ಪ್ರೇಮ ಬೇರೆ. ಎಲ್ಲಿ ಬರೆದಿದೆ ಇದು? ನನಗೇಕೆ ಕಾಣಲಿಲ್ಲ?
— ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

(ಈ ಪುಸ್ತಕವನ್ನು ಓದುವ ಆಸೆ ಇರುವವರು ಇಲ್ಲಿಂದ ಮುಂದಿನ ಪ್ರಶ್ನೆಗೆ ಹಾರಿಬಿಡಿ. ಆಮೇಲೆ ನನ್ನನ್ನು ಬೈಯಬೇಡಿ.)

ಎಲ್ಲೂ ಬರೆದಿಲ್ಲ ಸರ್. ಅದಕ್ಕೇ ನಿಮಗೆ ಕಾಣಲಿಲ್ಲ. ಆದರೆ ವೋಚರುಗಳೆಲ್ಲ ಇವೆ. ಬೇರೆ ಬೇರೆ ಶಾಖೆಯಲ್ಲಿ ಇವೆ, ಅಷ್ಟೇ. ಒಂದೊಂದಾಗಿ ತೆಗೆಯೋಣ.

ಮೊದಲ ಸಂಪುಟ. ನೆಸ್ಸಸ್ ನಗರದ ಸಸ್ಯೋದ್ಯಾನದಲ್ಲಿ ಒಂದು ಕೆರೆ. ಸತ್ತವರ ದೇಹಕ್ಕೆ ಸೀಸದ ಭಾರ ಹಾಕಿ ಅದರಲ್ಲಿ ಮುಳುಗಿಸುತ್ತಾರೆ. ಒಬ್ಬ ಮುದುಕ ದೋಣಿಯಲ್ಲಿ ಕೂತು ತನ್ನ ಹೆಂಡತಿಯ ದೇಹ ಹುಡುಕುತ್ತಿರುತ್ತಾನೆ. ಎಷ್ಟೋ ವರ್ಷಗಳಿಂದ ಅದೇ ಕೆಲಸ. ಹೆಂಡತಿಯ ಹೆಸರು ಕಾಸ್. ಸ್ವಲ್ಪ ಹೊತ್ತಿಗೆ ಸೆವೇರಿಯನ್ ಆ ಕೆರೆಗೆ ಬೀಳುತ್ತಾನೆ, ನೀರಿನೊಳಗೆ ಒಂದು ಕೈ ಅವನ ಕೈ ಹಿಡಿಯುತ್ತದೆ, ಮೇಲೆ ಬಂದಾಗ ಜೊತೆಗೆ ಒಬ್ಬಳು ಹುಡುಗಿ. ತಾನು ಯಾರು, ಎಲ್ಲಿಂದ ಬಂದೆ ಎಂಬುದು ಅವಳಿಗೆ ನೆನಪಿಲ್ಲ. ಹೆಸರು ಮಾತ್ರ ಗೊತ್ತು: ಡೋರ್ಕಾಸ್. ಹೆಸರಿನ ಬಾಲ ನೋಡಿ. ಬ್ಯಾಂಕಿನವರಿಗೇ ಕಾಸ್ ಕಾಣಿಸಲಿಲ್ಲ ಅಂದರೆ ಹೇಗೆ ಸರ್!

ಅದೇ ದಿನ ಅವರು ಒಂದು ಹೋಟೆಲಿಗೆ ಹೋಗುತ್ತಾರೆ. ಅಲ್ಲಿನ ಮಾಣಿ ಯಾರಿಗೂ ಕಾಣದ ಹಾಗೆ ಒಂದು ಚೀಟಿ ಇಟ್ಟು ಹೋಗುತ್ತಾನೆ. ಅದರ ಕೊನೆಯಲ್ಲಿ, ನೀನು ನನ್ನ ತಾಯಿಯೇ ಮರಳಿ ಬಂದ ಹಾಗಿದ್ದೀಯ ಎಂಬರ್ಥದ ಒಂದು ಸಾಲು. ನಾವು ಏನು ಮಾಡುತ್ತೇವೆ? ತಲೆ ಕೆಟ್ಟವನು ಯಾರೋ ಬರೆದಿದ್ದಾನೆ ಅಂದುಕೊಂಡು ಮುಂದೆ ಹೋಗುತ್ತೇವೆ. ಯಾಕೆಂದರೆ ಸ್ವಲ್ಪ ಹೊತ್ತಿಗೇ ವಿಷದ ಹೂವಿನ ದ್ವಂದ್ವಯುದ್ಧ ಇದೆ. ನಮ್ಮ ಕಣ್ಣೆಲ್ಲ ಆ ಕಡೆ.

ಮೂರನೇ ಸಂಪುಟದಲ್ಲಿ ಡೋರ್ಕಾಸ್ ಕಾಯಿಲೆ ಬಿದ್ದು ವಾಂತಿ ಮಾಡುತ್ತಾಳೆ. ಹೊಟ್ಟೆಯಿಂದ ಸೀಸದ ಗುಂಡುಗಳು ಬೀಳುತ್ತವೆ. ನಾಲ್ಕನೇ ಸಂಪುಟದ ಕೊನೆಯಲ್ಲಿ ಅದೇ ಮಾಣಿ ಮತ್ತೆ ಸಿಗುತ್ತಾನೆ. ಅವನ ಹತ್ತಿರ ಒಂದು ಲಾಕೆಟ್. ಅದರಲ್ಲಿ ಅವನ ತೀರಿಹೋದ ತಾಯಿಯ ಚಿತ್ರ. ಅವನು ಪ್ರೀತಿಸಿದ ಹೆಂಗಸನ್ನು ಸರ್ಕಾರದವರು ಹಿಡಿದುಕೊಂಡು ಹೋಗಿದ್ದರು. ಈಗ ಮೊದಲ ಸಂಪುಟದ ಶುರುವಿಗೆ ಹೋಗಿ. ಚಿತ್ರಹಿಂಸೆಯ ಸಂಘದ ಹುಡುಗರೆಲ್ಲ ಎಲ್ಲಿಂದ ಬರುತ್ತಾರೆ? ಸೆರೆಗೆ ಬಿದ್ದ ಹೆಂಗಸರಿಗೆ ಅಲ್ಲೇ ಹುಟ್ಟಿದ ಮಕ್ಕಳು ಅವರು.

ತಾಳೆ ಆಯಿತೇ? ಮುದುಕನ ಹೆಂಡತಿ ಕಾಸ್, ಅಂದರೆ ಡೋರ್ಕಾಸ್. ಅವರ ಮಗ ಮಾಣಿ. ಮಾಣಿಯ ಮಗ ಸೆವೇರಿಯನ್. ಸತ್ತ ವಯಸ್ಸಿನಲ್ಲೇ ಎದ್ದು ಬಂದದ್ದರಿಂದ ಅಜ್ಜಿ ಮೊಮ್ಮಗನಿಗಿಂತ ಎಳೆಯವಳಾಗಿ ಕಾಣುತ್ತಾಳೆ.

ಇದರಲ್ಲಿ ಒಂದು ಸುಳಿವನ್ನೂ ಲೇಖಕರು ಬಚ್ಚಿಟ್ಟಿಲ್ಲ, ಗಮನಿಸಿ. ಎಲ್ಲವೂ ಬಟಾಬಯಲಿನಲ್ಲಿವೆ. ಆದರೆ ಪ್ರತಿ ಸುಳಿವಿನ ಪಕ್ಕದಲ್ಲೂ ಅದಕ್ಕಿಂತ ದೊಡ್ಡ ಗದ್ದಲ ಒಂದು ಎದ್ದಿರುತ್ತದೆ. ಜಾತ್ರೆಯಲ್ಲಿ ಜೇಬು ಕತ್ತರಿಸುವವರು ತೇರು ಹೊರಡುವ ಹೊತ್ತನ್ನೇ ಕಾಯುತ್ತಾರಲ್ಲ, ಹಾಗೆ. ಬೇಜಾರು ಮಾಡಿಕೊಳ್ಳಬೇಡಿ. ಮೊದಲ ಓದಿನಲ್ಲಿ ನನಗೆ ಇದರಲ್ಲಿ ಒಂದೂ ಸಿಗಲಿಲ್ಲ. ಎರಡನೇ ಸಲ ಸೀಸದ ಗುಂಡಿನ ಹತ್ತಿರ ಬಂದಾಗ ರಾತ್ರಿ ಹನ್ನೊಂದೂವರೆ. ಎದ್ದು ಲೈಟ್ ಹಾಕಿ ಮೊದಲ ಸಂಪುಟ ಹುಡುಕಿದೆ. ನಮ್ಮ ಮನೆಯವರು ಹಾವು ಬಂತೇನೋ ಅಂದುಕೊಂಡು ಕೋಲು ಹಿಡಿದು ಬಂದರು.

ಸೆವೇರಿಯನ್ ತಾನು ಏನನ್ನೂ ಮರೆಯುವುದಿಲ್ಲ ಅಂತ ಪದೇ ಪದೇ ಹೇಳ್ತಾನೆ. ಆದರೆ ಅಲ್ಲಲ್ಲಿ ಅವನ ಮಾತಿಗೆ ಅವನ ಮಾತೇ ಹೊಂದೋದಿಲ್ಲ. ಇದು ಅವನು ಹೇಳೋ ಸುಳ್ಳೋ, ಲೇಖಕರ ಮರೆವೋ? ನಮ್ಮ ಹಾಸ್ಟೆಲಿನಲ್ಲಿ ಇದೇ ಜಗಳ.
— ಎಂ.ಎ. ವಿದ್ಯಾರ್ಥಿ, ಶಿವಮೊಗ್ಗ

ನಿಮ್ಮ ಹಾಸ್ಟೆಲಿನ ಜಗಳಕ್ಕೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪೊಪ್ಪಿಗೆ.

ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ಒಂದು ಕಥಾಸಂಕಲನದ ಕರಡು ಬಂತು. ಅದರಲ್ಲೊಂದು ಕಥೆ. ಹೇಳುವವನು ಒಬ್ಬ ಅಣ್ಣ. ಅವನ ತಮ್ಮ ಬಾವಿಗೆ ಬಿದ್ದು ಸತ್ತಿದ್ದಾನೆ. ಮೂರನೇ ಪುಟದಲ್ಲಿ ಪಕ್ಕದೂರಿನ ಸಂತೆ ಗುರುವಾರ ಅಂತ ಬರುತ್ತದೆ. ಹನ್ನೊಂದನೇ ಪುಟದಲ್ಲಿ ಅಣ್ಣ, ‘ಆ ಮಂಗಳವಾರ ನಾನು ಊರಲ್ಲೇ ಇರಲಿಲ್ಲ, ಸಂತೆಗೆ ಹೋಗಿದ್ದೆ’ ಅನ್ನುತ್ತಾನೆ. ನನಗೆ ಖುಷಿಯೋ ಖುಷಿ, ಲೇಖಕರ ತಪ್ಪು ಹಿಡಿದೆ ಅಂತ. ಮಂಗಳವಾರ ಹೊಡೆದುಹಾಕಿ ಗುರುವಾರ ಮಾಡಿದೆ. ಯಾರನ್ನೂ ಕೇಳಲಿಲ್ಲ. ಪುಸ್ತಕ ಅಚ್ಚಾಯಿತು.

ಲೇಖಕರು ವಯಸ್ಸಾದವರು. ಒಂದು ಪ್ರತಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮುಂದೆ ಕೂತರು. ಕೂಗಾಡಲಿಲ್ಲ. ‘ಅವನೇ ತಳ್ಳಿದ್ದು ಅಂತ ಗೊತ್ತಾಗೋಕೆ ಕಥೆಯಲ್ಲಿ ಅದೊಂದೇ ಪದ ಇತ್ತು ಕಣಮ್ಮಾ’ ಅಂದರು. ಒಂದು ವಾರದ ಹೆಸರು ಬದಲಾಯಿಸಿ ನಾನು ಒಬ್ಬ ಕೊಲೆಗಾರನನ್ನು ಬಿಡುಗಡೆ ಮಾಡಿದ್ದೆ!

ಓದುವಾಗ ನಾವೆಲ್ಲ ಒಳಗೊಳಗೇ ಈ ಕೆಲಸ ಮಾಡುತ್ತೇವೆ. ಎರಡು ಮಾತು ಹೊಂದದೆ ಇದ್ದರೆ ಮನಸ್ಸಿನಲ್ಲೇ ತಿದ್ದಿಕೊಂಡು ಮುಂದಕ್ಕೆ ಹೋಗುತ್ತೇವೆ. ವುಲ್ಫ್ ಬಲೆ ಬೀಸುವುದು ಈ ಒಳ್ಳೆಯತನದ ಮೇಲೆಯೇ. ಹಾಗಾಗಿ ನನ್ನ ರೂಢಿ ಇಷ್ಟು: ತಪ್ಪು ಅನ್ನಿಸಿದಲ್ಲಿ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು. ತಿದ್ದುವುದಿಲ್ಲ. ಕಾರಣವನ್ನೂ ಆಗಲೇ ಹುಡುಕುವುದಿಲ್ಲ. ಗೆರೆ ಮಾತ್ರ.

ಈಗ ನಿಮ್ಮ ಪ್ರಶ್ನೆ. ಎರಡನೇ ಸಂಪುಟ ಮುಗಿಸಿದ್ದೀರಿ ಅಂತ ಪತ್ರದಲ್ಲಿದೆ, ಆದ್ದರಿಂದ ಅಷ್ಟರವರೆಗೆ ಹೇಳುತ್ತೇನೆ. (ಉಳಿದವರು ಈ ಪ್ಯಾರಾ ಬಿಡಿ.) ಕಾಡಿನ ಆ ಊಟ ನೆನಪಿದೆ ಅಲ್ವಾ? ಅಲ್ಲಿ ಸೆವೇರಿಯನ್ ಸತ್ತ ಥೆಕ್ಲಾಳ ಮಾಂಸ ತಿನ್ನುತ್ತಾನೆ, ಅವಳ ನೆನಪುಗಳೆಲ್ಲ ಅವನೊಳಗೆ ಬಂದು ಸೇರುತ್ತವೆ. ಆಮೇಲೆ ಅರಮನೆಯ ಸೆರೆಯಲ್ಲಿ, ತಾನು ಹಿಂದೆಂದೂ ಕಾಲಿಡದ ಆ ಕೋಣೆಯ ಗುಪ್ತ ಬಾಗಿಲು ಅವನಿಗೆ ಗೊತ್ತಿರುತ್ತದೆ. ಬಾಗಿಲಿನ ನೆನಪು ಯಾರದ್ದು? ಇನ್ನೊಂದು ವಿಷಯ. ಅವನು ಈ ಪುಸ್ತಕ ಬರೆಯುತ್ತಿರುವುದು ಎಲ್ಲ ಮುಗಿದ ಮೇಲೆ. ತಾನು ಸಿಂಹಾಸನಕ್ಕೆ ಬಂದೆ ಅಂತ ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟಿದ್ದಾನೆ. ಅಂದರೆ ಮೊದಲ ಪುಟದಿಂದಲೂ ‘ನಾನು’ ಅನ್ನುವಾಗ ಆ ಪದದೊಳಗೆ ಒಬ್ಬರಿಗಿಂತ ಜಾಸ್ತಿ ಜನ ಇದ್ದಾರೆ. ಹೊಂದದ ಮಾತು ಕಂಡಾಗ ‘ಸುಳ್ಳೋ ಮರೆವೋ’ ಅಂತ ಕೇಳುವ ಜೊತೆಗೆ ‘ಈ ಸಾಲಿನ ನಾನು ಯಾರು’ ಅಂತಲೂ ಕೇಳಿ ನೋಡಿ. ಎಲ್ಲದಕ್ಕೂ ಉತ್ತರ ಸಿಗುವುದಿಲ್ಲ. ನಿಮ್ಮ ಜಗಳವಂತೂ ಚೆನ್ನಾಗಿ ಬೆಳೆಯುತ್ತದೆ.

ಒಂದು ಪುಟಕ್ಕೆ ನಾಲ್ಕು ಗೊತ್ತಿಲ್ಲದ ಪದ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡೇ ಓದಬೇಕಾ? ಇವೆಲ್ಲ ಅವರೇ ಕಟ್ಟಿದ ಪದಗಳಲ್ವಾ? ಕಟ್ಟಿದ ಪದ ಹುಡುಕಿ ಏನು ಪ್ರಯೋಜನ?
— ಹೈಸ್ಕೂಲ್ ಶಿಕ್ಷಕಿ, ಹುಬ್ಬಳ್ಳಿ

ಕಟ್ಟಿದ ಪದಗಳಲ್ಲ ಮೇಡಂ, ಅದೇ ಮಜಾ. ಬಹುತೇಕ ಎಲ್ಲವೂ ಹಳೆಯ, ಜನ ಮರೆತ, ಗ್ರೀಕ್–ಲ್ಯಾಟಿನ್ ಮೂಲದ ನಿಜವಾದ ಪದಗಳು. ಇನ್ನೂ ಹುಟ್ಟದ ಭಾಷೆಯೊಂದರಿಂದ ಈ ಪುಸ್ತಕವನ್ನು ತಾನು ಅನುವಾದ ಮಾಡಿದ್ದೇನೆ, ಸರಿಯಾದ ಪದ ಇಲ್ಲದ ಕಡೆ ಹತ್ತಿರದ ಹಳೇ ಪದ ಹಾಕಿದ್ದೇನೆ ಎಂದು ಲೇಖಕರು ಸಂಪುಟದ ಕೊನೆಯಲ್ಲಿ ಆಟ ಕಟ್ಟುತ್ತಾರೆ. ಅದಕ್ಕೇ ‘ಡೆಸ್ಟ್ರಿಯರ್’ ಅಂದರೆ ಯುದ್ಧದ ಕುದುರೆ ಎಂದು ನಿಘಂಟು ಹೇಳಿದರೂ ಕಥೆಯ ಪ್ರಾಣಿಗೆ ಗೊರಸಿನ ಬದಲು ಉಗುರು ಇರುತ್ತದೆ.

ಮೊದಲ ಓದಿನಲ್ಲಿ ನಿಘಂಟು ಮುಚ್ಚಿಡಿ. ಪದೇ ಪದೇ ಬರುವ ಪದ ಇದ್ದರೆ ಅದೊಂದನ್ನು ಮಾತ್ರ ನೋಡಿ. ನನಗೆ ಫಲ ಕೊಟ್ಟ ಒಂದು ಉದಾಹರಣೆ ಹೇಳುತ್ತೇನೆ.

ಸೆವೇರಿಯನ್‌ನ ದೇಶಕ್ಕೆ ಉತ್ತರದ ಕಡೆ ಶತ್ರುಗಳಿದ್ದಾರೆ. ಅವರ ಹೆಸರು ‘ಆಸಿಯನ್’. ನಾನು ಏಷ್ಯನ್ ಅಂತಲೇ ಓದಿಕೊಂಡೆ. ಪೂರ್ವ ದೇಶದವರೆಂದರೆ ಇವರಿಗೆ ಯಾವಾಗಲೂ ಶತ್ರುಗಳೇ ಅಂತ ಸಿಟ್ಟೂ ಬಂತು. ಕಾಗುಣಿತ ಬೇರೆ ಇದೆಯಲ್ಲ ಅಂತ ಗೆರೆ ಮಾತ್ರ ಎಳೆದಿದ್ದೆ. ಆಮೇಲೆ ದೊಡ್ಡ ನಿಘಂಟಿನಲ್ಲಿ ನೋಡಿದರೆ ಅದು ಗ್ರೀಕ್ ಪದ: ನೆರಳಿಲ್ಲದವರು. ವರ್ಷದಲ್ಲಿ ಕೆಲವು ದಿನ ನಡುಮಧ್ಯಾಹ್ನ ಯಾರ ನೆರಳು ಬೀಳುವುದಿಲ್ಲವೋ ಅವರು.

ನೆರಳು ಬೀಳದ ದಿನ ನಮಗೆ ಹೊಸದಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಅದು ಬರುತ್ತದೆ. ನನ್ನ ಮೊಮ್ಮಗಳು ತಾರಸಿಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ ನೆರಳು ಮಾಯವಾದದ್ದನ್ನು ತೋರಿಸಿದ್ದಳು. ಸೂರ್ಯ ನೆತ್ತಿಗೆ ನೇರ ಬರುವುದು ಭೂಮಿಯ ನಡುಪಟ್ಟಿಯಲ್ಲಿ ಮಾತ್ರ. ಕರ್ನಾಟಕ ಇಡೀ ಆ ಪಟ್ಟಿಯೊಳಗೇ ಇದೆ. ಅಂದರೆ ನಿಘಂಟಿನ ಲೆಕ್ಕದಲ್ಲಿ ನೀವೂ ನಾನೂ ಆಸಿಯನ್ನರೇ!

ಈಗ ಕಥೆಗೆ ಹಚ್ಚಿ ನೋಡಿ. ನೆರಳಿಲ್ಲದವರು ಉತ್ತರದಲ್ಲಿದ್ದಾರೆ. ಉತ್ತರಕ್ಕೆ ಹೋದಷ್ಟೂ ಸೆಖೆ ಜಾಸ್ತಿ, ಕಾಡು ಜಾಸ್ತಿ. ಹಿಮ ಇರುವುದು ದಕ್ಷಿಣದಲ್ಲಿ. ಅಲ್ಲಿಗೆ ಸೆವೇರಿಯನ್‌ನ ದೇಶ ಭೂಮಧ್ಯರೇಖೆಯ ಕೆಳಗಿದೆ ಅಂತಾಯಿತು. ಯೂರೋಪಿನ ಕೋಟೆ–ಕತ್ತಿಗಳ ವೇಷ ಹಾಕಿಕೊಂಡು ನಿಂತಿರುವ ಆ ದೇಶ ನಿಜದಲ್ಲಿ ದಕ್ಷಿಣ ಅಮೆರಿಕ. ಒಂದೇ ಪದ ಹುಡುಕಿದ್ದಕ್ಕೆ ಇಡೀ ನಕ್ಷೆ ತಿರುಗಿ ನಿಂತಿತು. ಇಂಥದ್ದು ದಿನಾ ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದೇ ವಾರ ಇನ್ನೂ ಒಂಬತ್ತು ಪದ ಹುಡುಕಿದೆ. ಎಂಟು ಬಟ್ಟೆಯ ಹೆಸರು.

ಇದಕ್ಕೆಂದೇ ಒಂದು ನಿಘಂಟೂ ಇದೆ, ‘ಲೆಕ್ಸಿಕನ್ ಅರ್ಥಸ್’ ಅಂತ, 1994ರಲ್ಲಿ ಬಂದದ್ದು. ಮೊದಲ ಓದಿಗೆ ಅದನ್ನು ಮುಟ್ಟಬೇಡಿ. ಪದದ ಅರ್ಥದ ಜೊತೆಗೆ ಕಥೆಯ ಗುಟ್ಟೂ ಬಂದುಬಿಡುತ್ತದೆ.

ಎಕ್ಸೆಲ್ ಶೀಟ್ ಮಾಡಿದ್ದೇನೆ. ಪಾತ್ರ, ಪುಟ, ಸುಳಿವು, ಅನುಮಾನ, ಖಾತ್ರಿ ಎಷ್ಟು ಪರ್ಸೆಂಟ್ ಅಂತ ಐದು ಕಾಲಂ. 212 ಸಾಲು ಆಗಿದೆ, ಇನ್ನೂ ಮೊದಲ ಸಂಪುಟದಲ್ಲೇ ಇದ್ದೇನೆ. ಸರಿಯಾದ ದಾರಿನಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅಪ್ಪಾ, ಕಥೆ ಯಾವಾಗ ಓದುತ್ತೀಯಪ್ಪ? (ನಿಮ್ಮ ವಯಸ್ಸು 26 ಅಂತ ಬರೆದಿದ್ದೀರಿ, ಅದಕ್ಕೇ ಈ ಸಲಿಗೆ.)

ಶೀಟ್ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಓದಿಗೆ ಎರಡೇ ಕಾಲಂ ಸಾಕು: ಪುಟ, ಮತ್ತೆ ‘ಇಲ್ಲಿ ಏನೋ ಸರಿಯಿಲ್ಲ’. ಅನುಮಾನದ ಕಾಲಂ ತೆಗೆದುಹಾಕಿ. ಒಮ್ಮೆ ಅನುಮಾನ ಬರೆದಿಟ್ಟರೆ ಅಲ್ಲಿಂದ ಮುಂದೆ ಅದಕ್ಕೆ ಸಾಕ್ಷಿ ಹುಡುಕುವುದೇ ಕೆಲಸವಾಗುತ್ತದೆ.

ಹೆಸರುಗಳಿಗೆ ಬೇಕಾದರೆ ಬೇರೆ ಶೀಟ್ ಇಡಿ. ಅದು ಈ ಪುಸ್ತಕದಲ್ಲಿ ನಿಜಕ್ಕೂ ಉಪಯೋಗ. ಮನುಷ್ಯರ ಹೆಸರೆಲ್ಲ ಕ್ರೈಸ್ತ ಸಂತರ ಹೆಸರು: ಸೆವೇರಿಯನ್, ಥೆಕ್ಲಾ, ಡೋರ್ಕಾಸ್, ಜೋನಾಸ್, ಎಲ್ಲ. ಈ ಸಾಲಿಗೆ ಸೇರದ ಹೆಸರು ಬಂದರೆ ಕಿವಿ ನಿಮಿರಬೇಕು. ನೀವೀಗ ಓದುತ್ತಿರುವ ಜಾಗದಲ್ಲೇ ಒಂದು ಜೋಡಿ ಬಂದಿರಬೇಕು. ಊರೂರು ಸುತ್ತಿ ನಾಟಕ ಆಡಿಸುವ ಚುರುಕು ಬಾಯಿಯ ಡಾಕ್ಟರ್ ಟೇಲೋಸ್, ಅವರ ಹಿಂದೆ ಮೂಟೆ ಹೊತ್ತು ನಡೆಯುವ ಮಂದ ಬುದ್ಧಿಯ ದೈತ್ಯ ಬಾಲ್ಡಾಂಡರ್ಸ್. ಗ್ರೀಕ್ ಪುರಾಣದಲ್ಲಿ ಟೇಲೋಸ್ ಅಂದರೆ ಕ್ರೀಟ್ ದ್ವೀಪ ಕಾಯುತ್ತಿದ್ದ ಕಂಚಿನ ಮನುಷ್ಯ, ಯಾರೋ ಮಾಡಿಟ್ಟ ಬೊಂಬೆ. ಬಾಲ್ಡಾಂಡರ್ಸ್ ಜರ್ಮನ್ ಮಾತು. ‘ಬೇಗನೆ ಬೇರೆಯಾಗುವವನು’ ಅಂತ ಅರ್ಥ. ಯಾರು ಯಜಮಾನ, ಯಾರು ಆಳು ಅಂತ ಮೂರನೇ ಸಂಪುಟದವರೆಗೆ ನಾನು ಹೇಳುವುದಿಲ್ಲ. ಆಗ ನಿಮ್ಮ 212 ಸಾಲಿನಲ್ಲಿ ಎಷ್ಟು ಅಳಿಸಬೇಕಾಯಿತು ಅಂತ ಬರೆಯಿರಿ.

ಇನ್ನೊಂದು. ಅನುಮಾನ ಬಂದ ಕೂಡಲೇ ಫೋನಿನಲ್ಲಿ ಹುಡುಕಬೇಡಿ. ಬೇರೆಯವರು ಬಿಡಿಸಿದ ಪದಬಂಧವನ್ನು ನೋಡಿ ಯಾರಿಗೆ ಏನು ಸುಖ?

ನಾಲ್ಕು ಸಂಪುಟಕ್ಕೆ ನನಗೆ ಪುರುಸೊತ್ತಿಲ್ಲ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಒಂದೂವರೆ ಗಂಟೆ ಸಿಗುತ್ತದೆ. ಇದೇ ಥರದ್ದು, ಚಿಕ್ಕದು, ಯಾವುದಾದರೂ ಇದೆಯಾ?
— ಗೃಹಿಣಿ, ಸಾಗರ

ಇದೆಯಮ್ಮ. ಇದೇ ಲೇಖಕರ ‘ದಿ ಫಿಫ್ತ್ ಹೆಡ್ ಆಫ್ ಸರ್ಬರಸ್’, 1972ರದ್ದು. ಮೂರು ನೀಳ್ಗತೆ, ಒಂದರ ಉತ್ತರ ಇನ್ನೊಂದರಲ್ಲಿ. ಅಕ್ಕ–ತಂಗಿಯ ಹಾಗೆ ಎರಡು ಗ್ರಹಗಳು. ಅದರಲ್ಲೊಂದರ ಮೂಲನಿವಾಸಿಗಳು ಯಾರ ರೂಪ ಬೇಕಾದರೂ ತಾಳಬಲ್ಲರಂತೆ, ಆದರೆ ಕೈಯಲ್ಲಿ ಉಪಕರಣ ಹಿಡಿಯುವುದು ಅವರಿಗೆ ಆಗುವುದಿಲ್ಲವಂತೆ. ಹೀಗೆ ಜನ ಆಡಿಕೊಳ್ಳುತ್ತಾರೆ. ಮೂರನೇ ಕಥೆಯಲ್ಲಿ ಒಬ್ಬ ಅಧಿಕಾರಿ, ಸೆರೆಯಲ್ಲಿರುವ ಭೂಮಿಯ ಸಂಶೋಧಕನೊಬ್ಬನ ನೋಟ್‌ಬುಕ್ಕು, ಟೇಪು ಎಲ್ಲವನ್ನೂ ಹಿಂದೆಮುಂದೆ ತಿರುವಿ ನೋಡುತ್ತಾನೆ. ನಾವೂ ಅವನ ಹೆಗಲ ಮೇಲಿಂದ ಇಣುಕುತ್ತೇವೆ. ಕಾಡಿನ ಪ್ರಯಾಣದಲ್ಲಿ ಆ ಸಂಶೋಧಕನಿಗೆ ಜೊತೆಯಾಗಿ ಒಬ್ಬ ಸ್ಥಳೀಯ ಹುಡುಗ ಇದ್ದ. ಹುಡುಗ ಸತ್ತ ಅಂತ ನೋಟ್‌ಬುಕ್ ಹೇಳುತ್ತದೆ. ಆಮೇಲಿನ ಪುಟಗಳಲ್ಲಿ ಕೈಬರಹ ಹಾಳಾಗಿದೆ. ಬೆಕ್ಕು ಕೈ ಕಚ್ಚಿತು, ಅದಕ್ಕೇ ಅಂತ ಬರೆದವನೇ ಹೇಳಿಕೊಂಡಿದ್ದಾನೆ.

ನಿಮ್ಮ ಮಗ ಹೋಂವರ್ಕ್ ಪುಸ್ತಕ ತಂದು ತೋರಿಸಿ, ಅಕ್ಷರ ಬೇರೆ ಥರ ಇದ್ದು, ‘ಕೈ ನೋವಿತ್ತು ಅಮ್ಮಾ’ ಅಂದರೆ ನೀವು ಏನು ಕೇಳುತ್ತೀರೋ ಅದನ್ನೇ ಈ ಪುಸ್ತಕವನ್ನೂ ಕೇಳಿ. ಇಷ್ಟಕ್ಕಿಂತ ಹೇಳಿದರೆ ಕೆಡುತ್ತದೆ.

ಭೂತ–ದೆವ್ವಕ್ಕೆ ಹೆದರದವರಾದರೆ 1975ರ ‘ಪೀಸ್’ ಕೂಡ ಇದೆ. ಅಮೆರಿಕದ ಸಣ್ಣ ಊರೊಂದರ ಮುದುಕನ ನೆನಪುಗಳು. ದೆವ್ವದ ಕಥೆ ಅಂತ ಎಲ್ಲೂ ಹೇಳುವುದಿಲ್ಲ. ಮೊದಲ ವಾಕ್ಯದಲ್ಲಿ ಒಂದು ಮರ ಬಿದ್ದಿತು, ಅದನ್ನು ನೆಟ್ಟವಳು ಇಂಥವಳು ಅಂತ ಬರುತ್ತದೆ. ಬಹಳ ಪುಟ ಆದ ಮೇಲೆ ಅವಳ ಪ್ರಸ್ತಾಪ ಮತ್ತೆ ಬರುತ್ತದೆ, ಆದರೆ ಮದುವೆಯಾದ ಮೇಲಿನ ಹೆಸರಿನಲ್ಲಿ. ಮುದುಕ ತೀರಿಹೋದ ಮೇಲೆ ಸಮಾಧಿಯ ಮೇಲೆ ಮರ ನೆಡಲು ಅವಳು ಅವನ ಅನುಮತಿ ಕೇಳಿರುತ್ತಾಳೆ. ಮದುವೆಯಾಗಿ ಹೆಸರು ಬದಲಾದದ್ದರಿಂದ ಎಷ್ಟು ಜನ ಗಂಡಸರು ಈ ಸುಳಿವು ತಪ್ಪಿಸಿಕೊಂಡಿರಬಹುದು! ಒಂದೂವರೆ ಗಂಟೆ ಸಾಕು. ದಿನಕ್ಕೆ ಹದಿನೈದು ಪುಟ, ನಿಧಾನವಾಗಿ.

ನೀವೆಲ್ಲ ಇಲ್ಲದ್ದನ್ನು ಕಾಣ್ತಿದ್ದೀರಿ ಅನ್ನಿಸುತ್ತೆ. ಲೇಖಕ ಇಷ್ಟೆಲ್ಲ ಯೋಚಿಸಿ ಬರೆದಿರ್ತಾನಾ? ಮೋಡದಲ್ಲಿ ಆನೆ ಕಂಡ ಹಾಗೆ ಇದು.
— ವಕೀಲರು, ಮಂಗಳೂರು

ಅರ್ಧ ಒಪ್ಪುತ್ತೇನೆ. ನನ್ನದೇ ಆನೆಯ ಕಥೆ ಕೇಳಿ. ಕೆರೆಯಲ್ಲಿ ಹೆಂಡತಿಯನ್ನು ಹುಡುಕುವ ದೋಣಿಯ ಮುದುಕ ಬೇರೆ ಯಾರೂ ಅಲ್ಲ, ಕಾಲದಲ್ಲಿ ಹಿಂದಕ್ಕೆ ಬಂದ ಮುದಿ ಸೆವೇರಿಯನ್ನೇ ಅಂತ ನಾನು ಎರಡು ತಿಂಗಳು ನಂಬಿದ್ದೆ. ಹನ್ನೊಂದು ಪುಟ ಟಿಪ್ಪಣಿ ಬರೆದೆ. ತಂಗಿಗೆ ಫೋನ್ ಮಾಡಿ ವಿವರಿಸಿದೆ. ಅವಳು ಅರ್ಧದಲ್ಲಿ ಹಾಲು ಉಕ್ಕಿತು ಅಂತ ಫೋನ್ ಇಟ್ಟಳು. ಉಕ್ಕಿರಲಿಕ್ಕಿಲ್ಲ.

ಆ ಊಹೆ ಬಿದ್ದದ್ದು ಹೇಗೆ ಅಂದರೆ, ಅದು ವಿವರಿಸುತ್ತಿದ್ದದ್ದು ಒಂದೇ ವಿಷಯ: ಮುದುಕ ಯಾರು. ಆ ಒಂದಕ್ಕಾಗಿ ಪುಸ್ತಕದಲ್ಲಿಲ್ಲದ ಮೂರು ಸಂಗತಿ ನಾನೇ ಹುಟ್ಟಿಸಬೇಕಾಗಿತ್ತು. ಅದೇ ಮುದುಕನನ್ನು ಕಥೆಯ ಇನ್ನೊಬ್ಬರ ಗಂಡ ಅಂತ ಒಪ್ಪಿಕೊಂಡರೆ, ನಾನು ನೋಡದೇ ಇದ್ದ ಕಡೆ ಕೂಡ ದೀಪ ಹತ್ತಿತು. ಹೋಟೆಲಿನ ಚೀಟಿ, ಲಾಕೆಟ್ಟು, ಸೀಸ. ವಕೀಲರಿಗೆ ನಾನು ಹೇಳಬೇಕೇ? ಒಂದಕ್ಕೊಂದು ಗೊತ್ತಿಲ್ಲದ ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದಕ್ಕೆ ಬೆಲೆ ಬೇರೆ.

ಇನ್ನು, ಇಷ್ಟೆಲ್ಲ ಯೋಚಿಸುತ್ತಾರಾ ಅಂತ. ಜೀನ್ ವುಲ್ಫ್ (1931–2019) ಓದಿದ್ದು ಇಂಜಿನಿಯರಿಂಗ್. ಪ್ರಿಂಗಲ್ಸ್ ಚಿಪ್ಸ್ ಬೇಯಿಸುವ ಯಂತ್ರ ರೂಪಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ಕಾರ್ಖಾನೆ ಇಂಜಿನಿಯರುಗಳ ಪತ್ರಿಕೆಯೊಂದರ ಸಂಪಾದಕರಾಗಿದ್ದರು. ಒಂದರ ಮೇಲೊಂದು ಒರಗಿ ಕೂರುವ ಆ ಚಿಪ್ಸಿನ ಹಾಗೇ ಕಥೆಯನ್ನೂ ಜೋಡಿಸುತ್ತಾರೆ ಅಂತ ಹೇಳಿದರೆ ಸುಲಭದ ಮಾತಾಯಿತು, ಬಿಡಿ. ಸಂಪಾದಕರಾಗಿದ್ದವರು ಪ್ರೂಫ್ ನೋಡಿರುತ್ತಾರೆ, ನನಗೆ ಅದು ಮುಖ್ಯ. ಒಂದು ಪದ ಬದಲಾದರೆ ಏನಾಗುತ್ತದೆ ಅಂತ ಗೊತ್ತಿದ್ದವರು.

ನಮ್ಮಲ್ಲೂ ಇದು ಇಲ್ಲದ್ದೇನಲ್ಲ. ಕನಕದಾಸರ ಮುಂಡಿಗೆ ಇದೆ, ಅಲ್ಲಮನ ಬೆಡಗಿನ ವಚನ ಇದೆ. ಅವಕ್ಕೆ ಟೀಕೆ ಬರೆದು ಗಂಟು ಬಿಡಿಸಿದವರೂ ಇದ್ದರು. ಆದರೆ ಮುಂಡಿಗೆ ಕೇಳಿದ ಕೂಡಲೇ ಇದು ಒಗಟು ಅಂತ ಗೊತ್ತಾಗುತ್ತದೆ. ಮರ ನುಂಗುವ ಪಕ್ಷಿ ಬಂತು ಅಂದಾಗ ಯಾರೂ ಅಂಥ ಪಕ್ಷಿಯನ್ನು ಮರದ ಮೇಲೆ ಹುಡುಕುವುದಿಲ್ಲ. ವುಲ್ಫ್ ಹಾಗಲ್ಲ. ಅಲ್ಲಿ ಒಗಟು ಇದೆ ಅನ್ನುವುದೇ ಮೊದಲ ಒಗಟು. ಅದಕ್ಕೇ ಮೋಡದ ಆನೆಗಳೂ ಹುಟ್ಟುತ್ತವೆ, ಅಷ್ಟರಮಟ್ಟಿಗೆ ನೀವು ಗೆದ್ದಿರಿ.

ಆಂಟಿ, ನಾನು ಎಂಟನೇ ಕ್ಲಾಸ್. ನಮ್ಮಮ್ಮ ನಿಮ್ಮ ಅಂಕಣ ಓದಿ ಹೇಳ್ತಾರೆ. ನನಗೂ ಒಂದು ಸುಳಿವು ಕೊಡಿ, ನಾನೇ ಕಂಡುಹಿಡೀತೀನಿ.
— ವಿದ್ಯಾರ್ಥಿನಿ, ಕೋಲಾರ

ಪುಟ್ಟಾ, ಆ ಪುಸ್ತಕ ನಿನಗೆ ಈಗಲೇ ಬೇಡ, ಅದರಲ್ಲಿ ರಕ್ತ ಜಾಸ್ತಿ. ಆದರೆ ಅದರಿಂದ ಒಂದು ಚಿತ್ರ ತಂದುಕೊಡುತ್ತೇನೆ.

ಸೆವೇರಿಯನ್ ಚಿಕ್ಕವನಿದ್ದಾಗ ಹಳೆಯ ಚಿತ್ರಗಳಿರುವ ಒಂದು ಕಟ್ಟಡಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬ ತಾತ ಕಪ್ಪು ಹಿಡಿದ ಚಿತ್ರವೊಂದನ್ನು ಒರೆಸುತ್ತಿರುತ್ತಾನೆ. ಚಿತ್ರದಲ್ಲಿ ಕವಚ ತೊಟ್ಟ ಒಬ್ಬ ವೀರ ಹಾಳು ಮರುಭೂಮಿಯಲ್ಲಿ ನಿಂತಿದ್ದಾನೆ. ಕೈಯಲ್ಲಿ ಕತ್ತಿ ಇಲ್ಲ, ಒಂದು ಕೋಲು, ಅದಕ್ಕೆ ಬಾವುಟ. ಬಾವುಟ ಜೋತುಬಿದ್ದಿಲ್ಲ, ಸೆಟೆದುಕೊಂಡಿದೆ. ಶಿರಸ್ತ್ರಾಣದ ಮುಖಭಾಗ ಪೂರ್ತಿ ಬಂಗಾರದ ಬಣ್ಣ. ಕಣ್ಣಿಗೆ ತೂತಿಲ್ಲ, ಉಸಿರಾಡಲು ಕಂಡಿಯಿಲ್ಲ. ಅದರಲ್ಲಿ ಆ ಮರುಭೂಮಿಯ ಪ್ರತಿಬಿಂಬ ಮಾತ್ರ. ಯಾವ ಯುದ್ಧದ ವೀರನೋ ಸೆವೇರಿಯನ್‌ಗೆ ಗೊತ್ತಾಗುವುದಿಲ್ಲ.

ಇನ್ನೊಂದು ಸುಳಿವು. ಅವನ ಕಾಲದಲ್ಲಿ ಚಂದ್ರ ಹಸಿರಾಗಿದ್ದಾನೆ, ಅಲ್ಲಿ ಕಾಡು ಬೆಳೆದಿದೆ.

ಮನೆಯಲ್ಲಿ ತಾತ ಇದ್ದರೆ 1969ರ ಜುಲೈನಲ್ಲಿ ಪೇಪರಿನಲ್ಲಿ ಬಂದ ಫೋಟೋ ನೆನಪಿದೆಯಾ ಅಂತ ಕೇಳು. ಆ ಬಾವುಟ ಯಾಕೆ ಸೆಟೆದು ನಿಂತಿದೆ ಅನ್ನುವುದನ್ನೂ ಸೇರಿಸಿ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸು. ಅಮ್ಮನ ಸಹಾಯ ತಗೋಬೇಡ.